ಒಂದು ಚಿಟಿಕೆ ಕಡಿಮೆ ಬೆಳಕು

“ಸೀನು ಬಂದ್ರೆ ಆಚೆ ಓಡಿ. ತಲೆ ಕೆರ್ಕೋಬೇಡಿ. ಏನನ್ನೂ ಮುಟ್ಬೇಡಿ. ಮಾತಾಡ್ಬಹುದು, ಆದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಮಾತಾಡಿ.”

ಬೆಳಕು ಇನ್ನೂ ಹರಿದಿಲ್ಲ. ಹೆದ್ದಾರಿಯ ಬದಿಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ನಿಂತಿದ್ದೇನೆ. ಚಪ್ಪಲಿ, ಬ್ಯಾಗು, ಈಗಷ್ಟೇ ಕೈಗೆ ಬಂದ ಬಿಸಿ ಚಹಾ, ಎಲ್ಲವನ್ನೂ ಬಾಗಿಲಾಚೆ ಬಿಡಿಸಿದ್ದಾರೆ. ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಗೋಡೆ ನೋಡುತ್ತಾ ಪ್ರಶ್ನೆ ಕೇಳಬೇಕಾಗಿದೆ. ಇಷ್ಟು ವರ್ಷದ ನನ್ನ ಪತ್ರಿಕಾ ವೃತ್ತಿಯಲ್ಲಿ ಸಂದರ್ಶನಕ್ಕೆ ಹೀಗೆ ನಿಂತದ್ದಿಲ್ಲ. ನಿಲ್ಲಿಸಿದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ನರೆತ ಕೂದಲನ್ನು ಬಟ್ಟೆಯ ಟೋಪಿಯೊಳಗೆ ಬಿಗಿದಿದ್ದಾರೆ, ಮೂಗಿನ ತುದಿಯಲ್ಲಿ ಕನ್ನಡಕ. ಈ ಹೆದ್ದಾರಿಯುದ್ದಕ್ಕೂ ಜೊತೆಯಲ್ಲಿ ಕೆಲಸ ಮಾಡುವವರು ಅವರನ್ನು ಗಾಜಕ್ಕ ಎನ್ನುತ್ತಾರೆ.

ಗಾಜಕ್ಕ ಬೀಗ ತೆಗೆದು ಒಳಗೆ ಬಂದವರೇ ದೀಪ ಹಾಕುವುದಿಲ್ಲ. ಒಂದು ಕ್ಷಣ ಕತ್ತಲೆಯಲ್ಲೇ ನಿಂತು ಫ್ಯಾನುಗಳ ಸದ್ದು ಕೇಳುತ್ತಾರೆ. ಆಳೆತ್ತರದ ಕಬ್ಬಿಣದ ಬೀರುಗಳ ಬೆನ್ನಿಗೆ ಸಾಲಾಗಿ ಪುಟ್ಟ ಫ್ಯಾನುಗಳಿವೆ. ಅವುಗಳಲ್ಲಿ ಒಂದು ಕೈಕೊಡುವುದಿದ್ದರೆ ನಾಲ್ಕು ದಿನ ಮುಂಚೆಯೇ ಗೊಣಗಾಟ ಶುರು ಮಾಡುತ್ತದಂತೆ. “ನಮ್ಮನೆಯವರ ಹಾಗೆ,” ಎನ್ನುತ್ತಾರೆ. ಗೊಣಗುವ ಫ್ಯಾನು ಇವತ್ತು ಯಾವುದೂ ಇಲ್ಲ. ದೀಪ ಹಾಕಿ, ಕೈ ಒರೆಸಿಕೊಂಡು, ಬೀರುವಿನಿಂದ ಹಳದಿ ದಾರದಂಥ ಒಂದು ತಂತಿಯನ್ನು ಬಿಡಿಸಿ, ಅದರ ತುದಿಯನ್ನು ಅಂಗೈಯಲ್ಲಿ ಹಿಡಿಯುವ ಸಣ್ಣ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸುತ್ತಾರೆ. ಪರದೆಯ ಮೇಲೆ ಹುಣ್ಣಿಮೆ ಚಂದ್ರ ಮೂಡುತ್ತದೆ. ಚಂದ್ರನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ.

“ನೋಡಿ, ಧೂಳು. ನಮ್ಮ ಕಣ್ಣಿಗೆ ಕಾಣಲ್ಲ. ಬೆಳಕಿಗೆ ಇದು ರಸ್ತೆ ಮಧ್ಯ ಬಂಡೆ ಬಿದ್ದ ಹಾಗೆ.” ನಯವಾದ ಕಾಗದದಿಂದ ಒಂದೇ ದಿಕ್ಕಿಗೆ ಒಮ್ಮೆ ಎಳೆಯುತ್ತಾರೆ, ಮತ್ತೆ ನೋಡುತ್ತಾರೆ. ಚುಕ್ಕೆ ಹೋಗಿದೆ. ಇಂಥ ತುದಿಗಳು ಈ ಕೋಣೆಯಲ್ಲಿ ಎಪ್ಪತ್ತೆರಡು ಇವೆ. ದಿನಕ್ಕೆ ಆರರಂತೆ ಬಿಚ್ಚಿ ನೋಡುವುದು ಅವರೇ ಹಾಕಿಕೊಂಡ ಕ್ರಮ. ಮುಖ್ಯ ಕೆಲಸವೇ ಬೇರೆ ಇರುವ ಇವತ್ತೂ ಅದನ್ನು ಬಿಟ್ಟಿಲ್ಲ.

ಕೆಲಸ ಮಾಡುತ್ತಲೇ ಅವರ ಕಣ್ಣು ಮತ್ತೆ ಮತ್ತೆ ಬೀರುವಿನ ಮೇಲ್ತುದಿಗೆ ಹೋಗುತ್ತಿದೆ. ಅಲ್ಲೊಂದು ಹಳದಿ ದೀಪ ಉರಿಯುತ್ತಿದೆ. ಹಸಿರೆಂದರೆ ಸರಿ, ಕೆಂಪೆಂದರೆ ಕೆಟ್ಟಿತು ಎಂಬಷ್ಟು ನನಗೂ ಗೊತ್ತು. ಹಳದಿ ಒಳ್ಳೆಯದಲ್ಲ, ಅಲ್ಲವೇ ಎಂದು ಗೋಡೆಯನ್ನು ಕೇಳಿದೆ.

“ಬೇರೆ ದಿನ ಆಗಿದ್ರೆ ಒಳ್ಳೇದಲ್ಲ,” ಎಂದರು ಬೆನ್ನ ಹಿಂದಿನಿಂದ. “ಇವತ್ತು ಅದು ಹಳದಿಯಾಗೇ ಇರ್ಲಿ ಅಂತ ಬೇಡ್ಕೊಳ್ಳಿ. ನನ್ನ ಮಗಳ ವಿಷ್ಯ ಅದು.”

ಈ ಮಾತು ಅರ್ಥವಾಗಬೇಕಾದರೆ ಇದು ಎಂಥ ಕೋಣೆ ಎಂಬುದನ್ನು ಮೊದಲು ಹೇಳಬೇಕು.

ರಾಜಧಾನಿಯಿಂದ ಸಮುದ್ರ ದಂಡೆಯ ಬಂದರು ಪಟ್ಟಣಕ್ಕೆ ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ. ಹೆದ್ದಾರಿಯ ಪಕ್ಕ ಮೊಣಕಾಲು ಮುಳುಗುವಷ್ಟು ಆಳದಲ್ಲಿ ಒಂದು ಕೇಬಲ್ ಹೂತಿದ್ದಾರೆ. ಅದರೊಳಗೆ ತಲೆಗೂದಲಿನಷ್ಟು ತೆಳುವಾದ ಗಾಜಿನ ಎಳೆಗಳಿವೆ. ನಮ್ಮ ಫೋನು, ಬ್ಯಾಂಕು, ಸಿನಿಮಾ, ಜಗಳ, ಎಲ್ಲವೂ ಬೆಳಕಾಗಿ ಈ ಎಳೆಗಳಲ್ಲಿ ಓಡುತ್ತವೆ. ಓಡಿ ಓಡಿ ಬೆಳಕೂ ಸುಸ್ತಾಗುತ್ತದೆ. ಎಂಬತ್ತು ಕಿಲೋಮೀಟರು ಹೋಗುವಷ್ಟರಲ್ಲಿ ನೂರರಲ್ಲಿ ಎರಡು ಪಾಲು ಉಳಿದರೆ ಹೆಚ್ಚು. ಅದಕ್ಕೇ ಎಂಬತ್ತು ಕಿಲೋಮೀಟರಿಗೊಂದು ಕೋಣೆ ಕಟ್ಟಿ, ಬಳಲಿ ಬಂದ ಬೆಳಕಿಗೆ ಶಕ್ತಿ ತುಂಬಿ ಮುಂದೆ ಕಳಿಸುವ ಆಂಪ್ಲಿಫೈಯರ್ ಇಟ್ಟಿದ್ದಾರೆ. ದಾರಿಯಲ್ಲಿ ಇಂಥವು ಹನ್ನೊಂದು. ಇಲ್ಲಿಯವರು ಇವನ್ನು ‘ಮನೆ’ ಎನ್ನುತ್ತಾರೆ. ಗಾಜಕ್ಕನದು ನಾಲ್ಕನೇ ಮನೆ.

“ಶಕ್ತಿ ತುಂಬೋದು ಸುಲಭ. ಆದ್ರೆ ಈ ಪೆಟ್ಟಿಗೆಗೆ ಮಾತು ಯಾವ್ದು, ಗದ್ದಲ ಯಾವ್ದು ಅಂತ ಗೊತ್ತಾಗಲ್ಲ. ಎರಡನ್ನೂ ಎತ್ತಿ ಕಳಿಸುತ್ತೆ. ಜೊತೆಗೆ ತನ್ನದೂ ಸ್ವಲ್ಪ ಗದ್ದಲ ಸೇರಿಸುತ್ತೆ. ನಮ್ಮತ್ತೆ ಕಿವಿ ಮಷಿನ್ನೂ ಹಾಗೇ. ನಾನು ಮಾತಾಡಿದ್ದೂ ಜೋರಾಗಿ ಕೇಳುತ್ತೆ, ಪಾತ್ರೆ ಬಿದ್ದಿದ್ದೂ ಜೋರಾಗಿ ಕೇಳುತ್ತೆ.”

ಎಂಬತ್ತು ದಾಟಿದ ಈ ಅತ್ತೆಯ ಪರಿಚಯ ನನಗೆ ಹಿಂದಿನ ಸಂಜೆಯೇ ಆಗಿದೆ. ಕಿವಿ ಮಂದವಾದವರು. ತಮಗೆ ಕೇಳಿಸದ ಮೇಲೆ ಲೋಕಕ್ಕೂ ಕೇಳಿಸುವುದಿಲ್ಲ ಎಂಬ ನಂಬಿಕೆಯಿಂದ ನನ್ನ ಯೋಗಕ್ಷೇಮವನ್ನು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದರು. ಮನೆಯವರೂ ಅವರೊಂದಿಗೆ ಕಿರುಚಿಯೇ ಮಾತಾಡುತ್ತಾರೆ. ಗಾಜಕ್ಕ ಮಾತ್ರ ಹತ್ತಿರ ಹೋಗಿ, ಮುಖ ನೋಡಿ, ನಿಧಾನವಾಗಿ ಹೇಳುತ್ತಾರೆ. ಅತ್ತೆಗೆ ಮೊದಲ ಸಲಕ್ಕೇ ತಿಳಿಯುವುದು ಸೊಸೆಯ ಮಾತೊಂದೇ. ಶಾಲೆಯ ವ್ಯಾನು ಓಡಿಸುವ ಗಂಡನಿಗೆ ಇದು ಇಷ್ಟು ವರ್ಷವಾದರೂ ತಲೆಗೆ ಹೋಗಿಲ್ಲ.

ಗಾಜಕ್ಕ ಈ ಕೆಲಸಕ್ಕೆ ಬಂದದ್ದು ಕನ್ನಡಕದ ಅಂಗಡಿಯಿಂದ. ಹದಿನೆಂಟನೆಯ ವಯಸ್ಸಿನಿಂದ ಅಂಗಡಿಯ ಹಿಂಬದಿಯಲ್ಲಿ ಕೂತು ಕನ್ನಡಕದ ಗಾಜನ್ನು ಚೌಕಟ್ಟಿಗೆ ತಕ್ಕಂತೆ ಉಜ್ಜುತ್ತಿದ್ದರು. ದೊಡ್ಡ ದೊಡ್ಡ ಅಂಗಡಿಗಳು ಬಂದು ಆ ಸಣ್ಣ ಅಂಗಡಿ ಬಾಗಿಲು ಹಾಕಿದಾಗ ಮಗಳು ಇನ್ನೂ ತೊಡೆಯ ಮೇಲಿನ ಕೂಸು. ಅದೇ ಹೊತ್ತಿಗೆ ಕೇಬಲ್ ಹಾಕುವವರಿಗೆ ಕೈ ನಡುಗದ ಜನ ಬೇಕಾಗಿದ್ದರು. ತುಂಡಾದ ಎಳೆಗಳ ತುದಿಯನ್ನು ನೇರ ಕತ್ತರಿಸಿ, ಎದುರುಬದುರು ಹಿಡಿದು, ಕಿಡಿಯಿಂದ ಬೆಸೆಯುವುದು ಕೆಲಸ. ಪರೀಕ್ಷೆಗೆ ಬಂದವರಲ್ಲಿ ಇವರೊಬ್ಬರೇ ಹೆಂಗಸು. “ಎಲ್ಲಾರೂ ಉಸಿರು ಬಿಗಿ ಹಿಡ್ಕೊಂಡು ಮಾಡ್ತಿದ್ರು, ಅದಕ್ಕೇ ಕೈ ನಡುಗ್ತಿತ್ತು. ನಾನು ಹಾಡು ಗುನುಗ್ತಾ ಮಾಡ್ದೆ. ನಾಳೆಯಿಂದ ಬಾಮ್ಮಾ ಅಂದ್ರು.”

ನಾಳೆಯಿಂದ ಬಂದ ಮೇಲೆ ಪಟ್ಟ ಪಾಡನ್ನು ಅವರು ನಗುತ್ತಲೇ ಹೇಳುತ್ತಾರೆ, ಕೇಳುವ ನನಗೆ ನಗು ಬರುವುದಿಲ್ಲ. ನೆಲ ಅಗೆಯುವ ಯಂತ್ರಗಳಿಗೆ ಈ ಕೇಬಲ್ಲಿನ ಮೇಲೆ ಹಗೆ. ಎಲ್ಲೋ ಒಂದು ಕಡೆ ತುಂಡರಿಸಿದರೆ ಸಾಕು, ಬಿಸಿಲೋ ಗಾಳಿಯೋ ಎನ್ನದೆ ಹಳ್ಳಕ್ಕಿಳಿದು ಗುಡಾರದೊಳಗೆ ಮಂಡಿಯೂರಬೇಕು. ಗಾಜಿನ ಚೂರು ಬೆರಳಿಗೆ ಹೊಕ್ಕರೆ ಕಣ್ಣಿಗೆ ಕಾಣದು, ವಾರಗಟ್ಟಲೆ ಚುಚ್ಚುತ್ತಲೇ ಇರುತ್ತದೆ. ಬಲಗೈ ತೋರುಬೆರಳಿನಲ್ಲಿ ಒಂದು ಚೂರು ಹಾಗೇ ಉಳಿದುಬಿಟ್ಟಿದೆಯಂತೆ. ಈ ಕೋಣೆಯ ಪಕ್ಕ ಒಂದು ಶೌಚಾಲಯ ಕಟ್ಟಿಸಿಕೊಳ್ಳಲು ಆರು ವರ್ಷ ಜಗಳವಾಡಿದ್ದಾರೆ. ಅದರ ಬಾಗಿಲಿಗೆ ಚಿಲಕ ಹಾಕಿಸಲು ಇನ್ನೊಂದು ವರ್ಷ.

ಕಷ್ಟ ಅಂದರೆ ಅದೇ ಇರಬೇಕು ಎಂದುಕೊಂಡು ನಾನು ಬರೆದುಕೊಳ್ಳುತ್ತಿದ್ದರೆ, ಅವರು ತಲೆಯಲ್ಲಾಡಿಸಿದರು. “ಅದೆಲ್ಲ ಮೈ ಕಷ್ಟ, ಮಲಗೆದ್ರೆ ಹೋಗುತ್ತೆ. ಈ ಎರಡು ತಿಂಗಳು ಪಟ್ಟಿದ್ದು ಕಷ್ಟ.”

ಎರಡು ತಿಂಗಳ ಹಿಂದೆ ಈ ಲೈನಿಗೆ ಹೊಸ ಬಣ್ಣಗಳನ್ನು ಸೇರಿಸಿದರು. ಒಂದೇ ಗಾಜಿನ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಓಡುತ್ತದೆ, ಒಂದೊಂದು ಬಣ್ಣದಲ್ಲೂ ಸಾವಿರಾರು ಜನರ ಮಾತು. ಜನ ಹೆಚ್ಚಾದರು, ಬಣ್ಣ ಹೆಚ್ಚಾಯಿತು. ಅಂದಿನಿಂದ ಬಂದರಿನ ಕಡೆಯಿಂದ ಬರುವ ಮಾತು ರಾಜಧಾನಿ ತಲುಪುವಾಗ ಹರಿದು ಬರತೊಡಗಿತು. ಚಿತ್ರಗಳು ನಿಲ್ಲುತ್ತವೆ, ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ದೂರುಗಳ ಮಳೆ ಸುರಿಯಿತು.

ಇಲ್ಲಿ ಮನೆಗಳನ್ನು ಕಾಯುವವರ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಪ್ರತಿ ಮನೆಯ ಆಂಪ್ಲಿಫೈಯರಿಗೂ ಎರಡು ಗುಂಡಿಗಳಿವೆ, ಒಂದು ಬೆಳಕು ಏರಿಸಲು, ಒಂದು ಇಳಿಸಲು. ಗುಂಡಿಯನ್ನು ಒಮ್ಮೆ ಒತ್ತಿದರೆ ಆಗುವ ಬದಲಾವಣೆಗೆ ಇವರು ‘ಒಂದು ಚಿಟಿಕೆ’ ಎನ್ನುತ್ತಾರೆ. ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಲು ಕಾವಲಿನವರಿಗೆ ಅಧಿಕಾರವಿದೆ. ಆದರೆ ಇದ್ದದ್ದಕ್ಕಿಂತ ಒಂದು ಚಿಟಿಕೆ ಇಳಿದರೂ ಹಳದಿ ದೀಪ ಹತ್ತುತ್ತದೆ, ಕಚೇರಿ ತೆರೆದ ಕೂಡಲೇ ಅಲ್ಲಿಂದ ಫೋನು ಮಾಡಿ ವಿವರಣೆ ಕೇಳುತ್ತಾರೆ. ಏರಿಸಿದರೆ ದೀಪ ಹಸಿರಾಗಿಯೇ ಇರುತ್ತದೆ, ಯಾರೂ ಕೇಳುವುದಿಲ್ಲ. ಹಾಗಾಗಿ ಲೈನಿನಲ್ಲಿ ತಪ್ಪು ಹೆಚ್ಚಿದಾಗಲೆಲ್ಲ ಪ್ರತಿಯೊಬ್ಬರೂ ಸದ್ದಿಲ್ಲದೆ ಒಂದು ಚಿಟಿಕೆ ಏರಿಸುತ್ತಾರೆ. ನನ್ನ ಮನೆಯಿಂದ ಬೆಳಕು ಸಾಲದೆ ಹೋಯಿತು ಎಂಬ ಮಾತು ಬರಬಾರದು, ಅಷ್ಟೇ. ಪಕ್ಕದ ಮನೆಯವರಿಗೆ ಹೇಳುವುದಿಲ್ಲ. ಪಕ್ಕದ ಮನೆಯವರೂ ಅದನ್ನೇ ಮಾಡಿರುತ್ತಾರೆ.

“ನಾನೂ ಮಾಡ್ದೆ,” ಎಂದರು ಗಾಜಕ್ಕ. “ಒಂದಲ್ಲ, ಮೂರು ಚಿಟಿಕೆ ಮಾಡ್ದೆ.”

ಅವರ ಒಬ್ಬಳೇ ಮಗಳು ಮದುವೆಯಾಗಿ ಇರುವುದು ಇದೇ ಬಂದರು ಪಟ್ಟಣದಲ್ಲಿ. ಅಳಿಯ ಹಡಗಿನಿಂದ ಸರಕು ಇಳಿಸುವ ಕ್ರೇನು ನಡೆಸುತ್ತಾನೆ. ಮಗಳಿಗೆ ಈಗ ಏಳು ತಿಂಗಳು. ಕಳೆದ ತಿಂಗಳು ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮತ್ತೆ ಮತ್ತೆ ಎಣಿಸಿ ನೋಡಿದರು. ಮಗುವಿನ ಎದೆಬಡಿತ ನಡುನಡುವೆ ತಪ್ಪುತ್ತಿತ್ತು. ಹೊಟ್ಟೆಯೊಳಗಿನ ಮಗುವಿನ ಹೃದಯ ನೋಡಿ ಹೇಳಬಲ್ಲ ತಜ್ಞರು ಆ ಪಟ್ಟಣದಲ್ಲಿಲ್ಲ, ರಾಜಧಾನಿಯಲ್ಲಿದ್ದಾರೆ. ಸ್ಕ್ಯಾನು ಬಂದರಿನಲ್ಲಿ ಮಾಡುವುದು, ಅವರು ರಾಜಧಾನಿಯಿಂದ ನೋಡುವುದು ಎಂದಾಯಿತು. ಅದು ನಿಂತ ಚಿತ್ರದ ಮಾತಲ್ಲ. ಪುಟ್ಟ ಹೃದಯ ಬಡಿಯುವುದನ್ನು ಬಡಿಯುತ್ತಿರುವಾಗಲೇ ನೋಡಬೇಕು, ಇನ್ನೊಂದು ಸ್ವಲ್ಪ ಎಡಕ್ಕೆ ತೋರಿಸಿ ಎಂದು ಹೇಳಬೇಕು.

ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಚಿತ್ರ ಒಡೆದು ನಿಂತುಹೋಯಿತು. ಬಡಿತ ತಪ್ಪಿದ್ದು ಹೃದಯದಲ್ಲೋ ಲೈನಿನಲ್ಲೋ ಹೇಳಲಾಗದು ಎಂದರು ತಜ್ಞರು. ಮೂರನೆಯ ಸಲವೂ ಹೀಗೇ ಆದರೆ ಮಗಳನ್ನು ರಸ್ತೆಯ ಮೇಲೆ ಎರಡು ದಿನ ಕುಲುಕಿಸಿಕೊಂಡು ರಾಜಧಾನಿಗೆ ಕರೆದೊಯ್ಯಬೇಕು. ಮೊದಲೇ ರಕ್ತದೊತ್ತಡ ಏರಿರುವ ಹುಡುಗಿ. ಆ ಪ್ರಯಾಣ ಡಾಕ್ಟರಮ್ಮನಿಗೆ ಸುತರಾಂ ಇಷ್ಟವಿಲ್ಲ. ಮೂರನೆಯ ಸಲದ ಸ್ಕ್ಯಾನು ಇವತ್ತು ಬೆಳಿಗ್ಗೆ ಇದೆ. ಬೇರೆ ದಿನ ಬರಲೇ ಎಂದು ಹಿಂದಿನ ಸಂಜೆ ನಾನು ಕೇಳಿದ್ದೆ. “ಬನ್ನಿ ಪರವಾಗಿಲ್ಲ, ಒಬ್ಬಳೇ ಕೂತ್ರೆ ಹುಚ್ಚು ಹಿಡಿಯುತ್ತೆ,” ಎಂದಿದ್ದರು.

“ಎರಡನೇ ಸಲ ಕೆಟ್ಟಾಗ ಮಗಳು ಫೋನಲ್ಲಿ ಅತ್ಳು. ನಾನಿಲ್ಲಿ ಬಂದು ಎರಡು ಚಿಟಿಕೆ ಏರಿಸ್ದೆ. ಅದಕ್ಕೂ ಮುಂಚೆ ಒಂದು ಏರಿಸಿದ್ದೆ. ನನ್ನ ಮನೆಯಿಂದ ಅವಳ ಚಿತ್ರಕ್ಕೆ ಕೊರತೆ ಆಗ್ಬಾರ್ದು ಅಂತ. ದೀಪ ಹಸಿರಾಗಿ ಫಳಫಳ ಅಂತಿತ್ತು. ಮಾರನೇ ದಿನ ನೋಡಿದ್ರೆ ತಪ್ಪು ಇನ್ನೂ ಜಾಸ್ತಿ.”

ಯಾಕೆ ಜಾಸ್ತಿ ಎಂಬುದನ್ನು ಹೇಳಿದವರು ಲೈನಿನ ರಾಜಧಾನಿ ತುದಿಯಲ್ಲಿ ಕೂತಿರುವ ಎಂಜಿನಿಯರು. ಇವರೆಲ್ಲ ಅವರನ್ನು ಲೆಕ್ಕದ ಸಾಹೇಬ್ರು ಎನ್ನುತ್ತಾರೆ. ನಾನು ಫೋನಿನಲ್ಲಿ ಮಾತಾಡಿಸಿದೆ. ಬೆಳಕು ಮಿತಿಯಲ್ಲಿರುವವರೆಗೆ ಗಾಜು ಅದನ್ನು ಸುಮ್ಮನೆ ಹಾದುಹೋಗಲು ಬಿಡುತ್ತದೆ. ಬೆಳಕು ಮಿತಿಮೀರಿದರೆ ಗಾಜಿನ ಗುಣವೇ ಆ ಹೊತ್ತಿಗೆ ಒಂದಿಷ್ಟು ಬದಲಾಗುತ್ತದೆ. ಆಗ ಬೆಳಕು ತನ್ನನ್ನು ತಾನೇ ತಿರುಚಿಕೊಳ್ಳುತ್ತದೆ, ಒಂದು ಬಣ್ಣದ ಮಾತು ಇನ್ನೊಂದು ಬಣ್ಣಕ್ಕೆ ಬಳಿದುಕೊಳ್ಳುತ್ತದೆ. “ಈ ತಿರುಚು ಒಂದು ಲೆಕ್ಕದ ಪ್ರಕಾರ ಆಗುತ್ತೆ. ಹಾಗಾಗಿ ಇಲ್ಲಿ ನಮ್ಮ ಯಂತ್ರ ಅದೇ ಲೆಕ್ಕಾನ ಕೊನೆಯಿಂದ ಮೊದಲಿಗೆ ಮಾಡಿ ಸುಮಾರಾಗಿ ಬಿಡಿಸಿಬಿಡುತ್ತೆ. ಗದ್ದಲಕ್ಕೆ ಲೆಕ್ಕ ಇಲ್ಲ, ಅದನ್ನ ಬಿಡಿಸೋಕಾಗಲ್ಲ. ಗದ್ದಲಾನೂ ತಿರುಚಿನ ಜೊತೆ ಕಲಸಿಹೋದ್ರೆ ನಮ್ಮ ಯಂತ್ರಾನೂ ಕೈ ಚೆಲ್ಲುತ್ತೆ,” ಎಂದರು. ಬೆಳಕು ಕಡಿಮೆಯಾದರೆ ಗದ್ದಲ ನುಂಗುತ್ತದೆ, ಹೆಚ್ಚಾದರೆ ಗಾಜು ತಿರುಚುತ್ತದೆ. ನಡುವೆ ಒಂದು ಇಕ್ಕಟ್ಟಿನ ಜಾಗವಿದೆ, ಲೈನು ಅಲ್ಲಿ ನಿಲ್ಲಬೇಕು.

ಇದನ್ನು ಅವರು ತಿಂಗಳ ಹಿಂದೆಯೇ ಎಲ್ಲ ಮನೆಗಳಿಗೂ ಬರೆದು ತಿಳಿಸಿದ್ದರು, ಎಲ್ಲರೂ ಇಳಿಸಿ ಎಂದು. ಎಲ್ಲರೂ ಓದಿದರು. ಇದು ಉಳಿದ ಹತ್ತು ಮನೆಯವರಿಗೆ ಹೇಳಿದ ಮಾತು ಎಂದುಕೊಂಡರು. ಹಳದಿ ದೀಪದ ಮಿತಿಯನ್ನೇ ಬದಲಿಸಲು ಸಾಹೇಬರು ಮೇಲಿನವರಿಗೆ ಕೇಳಿಕೊಂಡಿದ್ದಾರೆ. ಆ ಕಡತ ಮೇಜಿನಿಂದ ಮೇಜಿಗೆ ನಿಧಾನವಾಗಿ ವಾಯುವಿಹಾರ ಮಾಡುತ್ತಿದೆ.

ಹನ್ನೊಂದು ಮನೆಗಳಿಗೂ ಸೇರಿ ಒಂದು ಸೇವಾ ಫೋನಿದೆ. ಯಾರು ರಿಸೀವರ್ ಎತ್ತಿದರೂ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಗೋಡೆಗೆ ತೂಗುಹಾಕಿದ ಆ ಕಪ್ಪು ಫೋನನ್ನು ನಿನ್ನೆ ಕಚೇರಿ ಮುಚ್ಚಿದ ಮೇಲೆ ಗಾಜಕ್ಕ ಎತ್ತಿದರು. ಏನು ಹೇಳಿದಿರಿ ಎಂದು ಕೇಳಿದೆ.

“ಏನ್ ಹೇಳೋದು? ನಾಲ್ಕನೇ ಮನೆಯಿಂದ ಮಾತಾಡ್ತಿದೀನಿ, ನಾನು ಮೂರು ಚಿಟಿಕೆ ಕದ್ದು ಏರಿಸಿದೀನಿ, ಈಗ ಇಳಿಸ್ತಿದೀನಿ, ನನ್ನ ದೀಪ ಹಳದಿ ಆಗುತ್ತೆ, ಬೈಗುಳ ಬಂದ್ರೆ ನನಗೆ ಬರ್ಲಿ ಅಂದೆ. ನಾಳೆ ನನ್ನ ಮಗಳ ಸ್ಕ್ಯಾನು ಅಂತಾನೂ ಹೇಳ್ದೆ. ಮುಚ್ಚಿಡೋದೇನಿದೆ?”

ಮೊದಲು ಎರಡನೇ ಮನೆಯವರು ಕೆಮ್ಮಿ, “ನಂದು ಎರಡು,” ಎಂದರಂತೆ. ಆರನೇ ಮನೆಯವರು, “ಸುತ್ತಿ ಬಳಸಿ ಮಾತು ಬೇಡ, ನಂದೂ ಎರಡು.” ಹತ್ತನೇ ಮನೆಯವರದು ನಾಲ್ಕು, ಎಲ್ಲರೂ ಹೋ ಎಂದರು. ಒಂಬತ್ತನೇ ಮನೆಯ ಮೀಸೆಯಣ್ಣ ಒಬ್ಬರು ಮಾತ್ರ, “ನಾನು ಕೈಯೇ ಹಚ್ಚಿಲ್ಲ, ಬೇಕಾದ್ರೆ ಆಣೆ ಮಾಡ್ತೀನಿ,” ಎಂದು ರಿಸೀವರ್ ಇಟ್ಟರು. ಬೆಳಗಿನ ಜಾವ, ಲೈನಿನ ಮೇಲೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಎಲ್ಲರೂ ಒಟ್ಟಿಗೆ ಕೂತು ಹದ ಮಾಡುವುದೆಂದು ಗೊತ್ತಾಯಿತು.

ಆ ಹೊತ್ತು ಈಗ ಬಂದಿದೆ. ಗಾಜಕ್ಕ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಾರೆ, ಬೆರಳು ಗುಂಡಿಯ ಮೇಲಿದೆ. ರಿಸೀವರಿನಿಂದ ಹೊರಗೆ ಸೋರುವ ದನಿಗಳು ನನಗೂ ಕೇಳುತ್ತಿವೆ. ಸಾಹೇಬರು ಒಂದೊಂದು ಮನೆಯನ್ನೂ ಕರೆದು ಎಷ್ಟು ಇಳಿಸಬೇಕೆಂದು ಹೇಳುತ್ತಾರೆ, ತಮ್ಮ ತುದಿಗೆ ಬಂದು ಸೇರುತ್ತಿರುವ ತಪ್ಪುಗಳನ್ನು ಎಣಿಸಿ ಓದುತ್ತಾರೆ.

“ಮುಕ್ಕಾಲು ಆಯ್ತು... ಅರ್ಧಕ್ಕೆ ಬಂತು... ನಿಂತುಬಿಡ್ತು. ಅರ್ಧದಲ್ಲೇ ನಿಂತಿದೆ. ಎಲ್ಲೋ ಒಂದು ಕಡೆ ಇನ್ನೂ ಬೆಳಕು ಹೆಚ್ಚಿದೆ.”

ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿದೆ. ಗಾಜಕ್ಕನೇ ಬಾಯಿಬಿಟ್ಟರು. “ಮೀಸೆಯಣ್ಣ, ಇದ್ದೀರಾ?”

“ಇದ್ದೀನಿ ತಾಯಿ.” ದನಿ ಇಳಿದಿತ್ತು. “ನಂಗೆ ಇನ್ನೊಂದು ವರ್ಷ ಇದೆ ಕೆಲಸ ಬಿಡೋಕೆ. ಹೋದ ವರ್ಷ ಹಳದಿ ಹತ್ತಿತು ಅಂತ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನೊಂದು ಬಂದ್ರೆ...”

“ನೀವು ಸುಳ್ಳು ಹೇಳಿದ್ರಿ ಅಂತ ನಾನು ಅನ್ನಲ್ಲ ಅಣ್ಣ. ನಿಮ್ಮ ಭಯ ನಂಗೂ ಇತ್ತು. ನಾಲ್ಕನೇ ಮನೆಯವಳು ಇಳಿಸು ಅಂದ್ಳು, ಅದಕ್ಕೆ ಇಳಿಸ್ದೆ ಅಂತ ಹೇಳಿಬಿಡಿ. ನನ್ನ ಹೆಸರು ಹೇಳಿ.”

“ನಿನ್ನ ಹೆಸರು ಹೇಳಿ ನಾನು ಮೀಸೆ ಇಟ್ಕೊಂಡು ತಿರುಗ್ಲಾ?” ಎಂದರು ಆ ಕಡೆಯಿಂದ. ಒಂದು ನಿಟ್ಟುಸಿರು, ಆಮೇಲೆ ಗುಂಡಿಯ ಸದ್ದು. ಒಂದು. ಎರಡು. ಮೂರು. ಯಾರೋ ಕಿಸಕ್ಕೆಂದರು, ಮುಂದಿನ ಸದ್ದಿಗೆ ಆ ನಗುವೂ ನಿಂತಿತು. ಮೀಸೆಯಣ್ಣ ಐದು ಚಿಟಿಕೆ ಏರಿಸಿಟ್ಟಿದ್ದರು.

“ಇಳೀತಿದೆ,” ಎಂದರು ಸಾಹೇಬರು. “ಇಳೀತಿದೆ, ಇಳೀತಿದೆ. ಎಲ್ಲರೂ ಇನ್ನೊಂದೊಂದು ಇಳಿಸಿ ನೋಡೋಣ.” ಇಳಿಸಿದರು. “ಬೇಡ ಬೇಡ, ಏರ್ತಿದೆ. ಈಗ ಗದ್ದಲದ ಸರದಿ. ಆ ಒಂದು ಚಿಟಿಕೆ ವಾಪಸ್ ಹಾಕಿ.” ಹಾಕಿದರು. ಸಾಹೇಬರು ಮತ್ತೆ ಎಣಿಸತೊಡಗಿದರು. ನಾನು ಗೋಡೆ ಬಿಟ್ಟು ತಿರುಗಿ ನಿಂತಿದ್ದೆ, ಗಾಜಕ್ಕ ಬೈಯಲಿಲ್ಲ. “ನಿಂತಿತು,” ಎಂದು ದನಿ ಬಂತು. “ಉಳಿದ ತಪ್ಪನ್ನ ನಮ್ಮ ಯಂತ್ರ ತಿದ್ದಿಕೊಳ್ಳುತ್ತೆ. ಎಲ್ಲರೂ ಕೈ ತೆಗೀರಿ ಮಾರಾಯ್ರೆ. ದಯವಿಟ್ಟು ಯಾರೂ ಮುಟ್ಬೇಡಿ.”

ಹನ್ನೊಂದು ಮನೆಗಳಲ್ಲೂ ಹಳದಿ ದೀಪ ಉರಿಯುತ್ತಿದೆ. ಹೊರಗೆ ಬಿಸಿಲೇರಿದೆ, ಸ್ಕ್ಯಾನಿನ ಹೊತ್ತಾಗಿದೆ. ಇನ್ನು ಮಾಡುವ ಕೆಲಸ ಏನೂ ಇಲ್ಲ.

ಗಾಜಕ್ಕ ನೆಲದ ಮೇಲೆ ಕೂತು, ಎದ್ದು, ಆಗಲೇ ಒರೆಸಿದ ತುದಿಯನ್ನು ಮತ್ತೆ ಒರೆಸಲು ಹೋಗಿ, ಮುಟ್ಟಬೇಡಿ ಎಂದದ್ದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡರು. “ಈಗ ಮಲಗಿಸಿರ್ತಾರೆ,” ಎಂದರು. ಮತ್ತೆ, “ಹೊಟ್ಟೆಗೆ ಹಚ್ಚೋ ಆ ಜೆಲ್ಲು ತಣ್ಣಗಿರುತ್ತೆ, ಅವಳಿಗೆ ತಣ್ಣಗಿದ್ರೆ ಆಗಲ್ಲ,” ಎಂದರು. ಅಳಿಯನಿಗೆ ಫೋನು ಮಾಡಿದರೆ ಆಸ್ಪತ್ರೆಯೊಳಗೆ ಬಂದ್ ಮಾಡಿಟ್ಟಿದ್ದಾನೆ. ಈ ಬೀರುವಿನೊಳಗಿನ ಒಂದು ಬಣ್ಣದಲ್ಲಿ ಅವರ ಮೊಮ್ಮಗುವಿನ ಎದೆಬಡಿತ ಈ ಕ್ಷಣ ಹಾದುಹೋಗುತ್ತಿರಬಹುದು, ಕೈಗೆಟಕುವಷ್ಟು ಹತ್ತಿರದಲ್ಲಿ. ಅದನ್ನು ನೋಡಲು ಅವರಿಗೆ ದಾರಿಯಿಲ್ಲ. ಯಾವ ಬಣ್ಣ ಎಂಬುದೂ ಗೊತ್ತಿಲ್ಲ.

ಅವರ ಮೊಬೈಲು ಬಡಿದುಕೊಂಡಿತು. ಇಬ್ಬರೂ ಬೆಚ್ಚಿದೆವು. ಫೋನು ಬಂದರಿನಿಂದಲ್ಲ, ಮನೆಯಿಂದ. ಅತ್ತೆಯದು. ಹುಡುಗಿ ಸ್ಕ್ಯಾನು ಮುಗಿದ ಕೂಡಲೇ ಅಜ್ಜಿಗೇ ಮೊದಲು ಹೇಳುವುದೆಂದು ಮಾತು ಕೊಟ್ಟಿದ್ದಳಂತೆ, ಅಜ್ಜಿ ಅದನ್ನು ಸೊಸೆಗೆ ತಲುಪಿಸಲು ತಾವೇ ಮುಂದಾಗಿದ್ದಾರೆ. ಫೋನು ಕಿವಿಗೆ ಹೋಗುವ ಮುಂಚೆಯೇ ಕೋಣೆಯೆಲ್ಲ ಕಿರ್ರೋ ಎಂದಿತು. ಕೂಗು, ಕರಕರ, ಕಿವಿ ಮಷಿನ್ನಿನ ಶಿಳ್ಳೆ, ಎಲ್ಲ ಕಲಸಿಹೋಗಿ ಒಂದಕ್ಷರವೂ ಮಾತಾಗಿ ಹೊರಬರುತ್ತಿಲ್ಲ. ಅಳುತ್ತಿದ್ದಾರೋ ನಗುತ್ತಿದ್ದಾರೋ ಅದೂ ತಿಳಿಯದು.

“ಅತ್ತೆ, ಒಂದೂ ಗೊತ್ತಾಗ್ತಿಲ್ಲ. ಕೂಗ್ಬೇಡಿ.”

ಇನ್ನೂ ಜೋರಾಯಿತು.

“ಅತ್ತೆ,” ಗಾಜಕ್ಕ ಕಣ್ಣು ಮುಚ್ಚಿಕೊಂಡರು. ದನಿ ಬಹಳ ತಗ್ಗಿಸಿ, ಒಂದೊಂದೇ ಪದ ಬಿಡಿಸಿ ಹೇಳಿದರು. “ನಾನು ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತಿದೀನಿ ಅಂದ್ಕೊಳ್ಳಿ. ಮೆಲ್ಲಗೆ ಹೇಳಿ. ಮಗು ಹೇಗಿದೆ?”

ಆ ಕಡೆ ಸದ್ದು ನಿಂತಿತು. ಶಿಳ್ಳೆಯೂ ನಿಂತಿತು, ಅತ್ತೆ ಕಿವಿಯ ಮಷಿನ್ ಇಳಿಸಿಕೊಂಡಿರಬೇಕು. ಆಮೇಲೆ ನಾನು ಇದುವರೆಗೆ ಕೇಳದ, ಬಹುಶಃ ಆ ಮನೆಯವರೂ ಎಷ್ಟೋ ವರ್ಷಗಳಿಂದ ಕೇಳದ ಒಂದು ಸಣ್ಣ ದನಿ ಫೋನಿನಿಂದ ಸ್ಪಷ್ಟವಾಗಿ ಬಂತು.

“ಚೆನ್ನಾಗಿದೆಯಂತೆ ಕಣೇ. ಎದೆಗೂಡಲ್ಲಿ ಏನೂ ತೊಂದರೆ ಇಲ್ವಂತೆ. ಒಂದೊಂದು ಸಲ ಬಡಿತ ತಪ್ಪುತ್ತಂತೆ, ತಾನೇ ಸರಿಹೋಗುತ್ತಂತೆ. ಎಲ್ಲೂ ಹೋಗೋದು ಬೇಡ, ಅಲ್ಲೇ ಹೆರಿಗೆ ಅಂದ್ರಂತೆ. ದೊಡ್ಡ ಡಾಕ್ಟ್ರು ಚಿತ್ರ ಕನ್ನಡಿ ಹಾಗಿತ್ತು ಅಂದ್ರಂತೆ.”

ಗಾಜಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಬೀರುವಿಗೆ ಒರಗಿ ಕುಳಿತರು. ಅತ್ತೂ ಅತ್ತು, ನಡುವೆ ನಕ್ಕು, ಮೂಗು ಸೀಟಲು ಬಾಗಿಲಾಚೆ ಓಡಿದರು, ತಾವೇ ಹಾಕಿದ ನಿಯಮದಂತೆ. ನನ್ನ ಕಣ್ಣೂ ತುಂಬಿತ್ತು, ಸುಳ್ಳೇಕೆ ಹೇಳಲಿ. ನಾನು ಅವರ ಹಿಂದೆಯೇ ಆಚೆ ಬಂದೆ. ಬಿಸಿಲು ಬಿದ್ದ ಮೆಟ್ಟಿಲ ಮೇಲೆ ನನ್ನ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಅವರು ಅದನ್ನೆತ್ತಿ, ಕೆನೆಯನ್ನು ಬೆರಳಿನಿಂದ ಸರಿಸಿ, ಒಂದೇ ಗುಟುಕಿಗೆ ಕುಡಿದುಬಿಟ್ಟರು. “ನಿನ್ನೆ ರಾತ್ರಿಯಿಂದ ಒಂದು ತೊಟ್ಟು ನೀರೂ ಇಳಿದಿರ್ಲಿಲ್ಲ ಕಣ್ರೀ,” ಎಂದರು.

ಒಳಗೆ ಕಪ್ಪು ಫೋನಿನಲ್ಲಿ ವಿಷಯ ಹೇಳಿದಾಗ ಹತ್ತು ಮನೆಗಳಿಂದಲೂ ಒಮ್ಮೆಗೇ ಗಲಾಟೆಯೆದ್ದಿತು. ಗದ್ದಲದ ವೈರಿಯಾದ ಲೆಕ್ಕದ ಸಾಹೇಬರೂ ಅದರಲ್ಲಿ ದನಿಗೂಡಿಸಿದರು. ಮೀಸೆಯಣ್ಣ, “ಮಗೂಗೆ ಮೀಸೆ ಬಂದಾಗ ನನಗೆ ಹೇಳಿ,” ಎಂದರು. ಹೆಣ್ಣಾದರೆ ಎಂದು ಯಾರೋ ಕೇಳಿದರು, “ಹೆಣ್ಣಾದ್ರೆ ನಾಲ್ಕನೇ ಮನೆಗೆ ಬರ್ಲಿ,” ಎಂದರು.

ನನಗೆ ಇನ್ನೊಂದು ಪ್ರಶ್ನೆ ಬಾಕಿಯಿತ್ತು, ಇಂಥ ಲೇಖನಗಳ ಕೊನೆಗೆ ಕೇಳಲೇಬೇಕಾದದ್ದು, ನಿಮ್ಮ ಆಸೆ ಏನು ಎಂದು. ಕೇಳುವಷ್ಟರಲ್ಲಿ ಮೂಲೆಯ ಇನ್ನೊಂದು ಫೋನು ರಿಂಗಣಿಸಿತು. ಕಚೇರಿಯದು. ಗಾಜಕ್ಕ ಟೋಪಿ ಸರಿಮಾಡಿಕೊಂಡು, ಮೂಗು ಒರೆಸಿಕೊಂಡು ರಿಸೀವರ್ ಎತ್ತಿದರು.

“ನಾಲ್ಕನೇ ಮನೆನಾ? ನಿಮ್ಮ ದೀಪ ಹಳದಿ ತೋರಿಸ್ತಿದೆ. ಏನು ತೊಂದರೆ?”

“ತೊಂದರೆ ಏನಿಲ್ಲ ಸಾರ್,” ಎಂದರು, ಎಂದಿಗಿಂತ ಮೆಲ್ಲಗೆ. “ನಾನೇ ಬೇಕೂಂತ ಇಳಿಸಿದೀನಿ. ನನ್ನ ಹೆಸರಲ್ಲೇ ಬರ್ಕೊಳ್ಳಿ.”